ಗಾಜಿನೊಳಗಿನ ಬೀರಪ್ಪ: ಹತ್ತಿಯ ದಾರ

"ಇಂವಾ ನಮ್ಮಾಂವಲ್ಲ."

ಅಂಜನಾಬಾಯಿಯ ದನಿ ಏರಲಿಲ್ಲ. ನಮಸ್ಕಾರಕ್ಕೆಂದು ಎತ್ತಿದ ಕೈಗಳು ಮಾತ್ರ ಎದೆಯ ತನಕ ಬಂದು, ಸಿಗ್ನಲ್ ಸಿಗದ ರೈಲಿನ ಹಾಗೆ ಅಲ್ಲೇ ನಿಂತಿದ್ದವು.

ಗಾಜಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ಬೀರಪ್ಪ ಮೀಸೆಯಡಿಯಲ್ಲಿ ನಗುತ್ತಿದ್ದ. ಮೇಲಿನಿಂದ ಬಿದ್ದ ಹಳದಿ ಬೆಳಕು ಅವನ ಸವೆದ ಮೂಗಿನ ಮೇಲೆ ಕುಳಿತಿತ್ತು. ಉದಗೀರದ ಆ ಹಳೆಯ ಜಿನ್ನಿಂಗ್ ಗಿರಣಿಯ ಶೆಡ್ಡಿನಲ್ಲಿ ಆ ಮಧ್ಯಾಹ್ನ ನಗುತ್ತಿದ್ದವನು ಅವನೊಬ್ಬನೇ.

ಶುಭಾಂಗಿಗೆ ಕೊರಳಲ್ಲಿ ತೂಗುತ್ತಿದ್ದ ಕೀಲಿ ಇದ್ದಕ್ಕಿದ್ದಂತೆ ಭಾರವೆನಿಸಿತು. ನಿನ್ನೆ ತುರೋರಿ ಮಗ್ಗುಲಿನ ವಸ್ತಿಯಿಂದ ಪಿಕಪ್ಪಿನಲ್ಲಿ ಬಂದ ಈ ಮುಖವನ್ನು ಕೈಯಾರೆ ಗಾಜಿನೊಳಗಿಟ್ಟು ಬೀಗ ಹಾಕಿದವಳು ಅವಳೇ. ಆಮೇಲೆ ಆ ಬೀಗ ಯಾರೂ ತೆಗೆದಿರಲಿಲ್ಲ.

"ಆಯಿ, ಬೆಳಕಿನಾಗ ಬ್ಯಾರೆ ಕಾಣ್ತದ. ಸನೇಕ ಬಂದು ನೋಡ್ರಿ."

ಅಂಜನಾಬಾಯಿ ಪೆಟ್ಟಿಗೆಯನ್ನು ಇನ್ನೊಂದು ಸುತ್ತು ಹಾಕಿ ಬಂದಳು, ನೋಡಿದಳು. ಅವಳ ಕಣ್ಣು ದೇವರ ಮುಖದ ಮೇಲೆ ನಿಲ್ಲದೆ ಕಿವಿಯ ಕಡೆ ಸರಿದದ್ದನ್ನು ಶುಭಾಂಗಿ ಕಂಡಳು. ಆದರೆ ಕಂಡದ್ದನ್ನು ಗಮನಿಸುವಷ್ಟು ಸಮಾಧಾನ ಅವಳಲ್ಲಿ ಆಗ ಇರಲಿಲ್ಲ.

"ಮದುವಿಯಾಗಿ ಬಂದಾಗಿಂದ ಭಂಡಾರ ಹಚ್ಚೀನಿ ನಾ. ಅಲ್ಲ ಅಂದ್ರ ಅಲ್ಲ."

ಇಷ್ಟು ಹೇಳಿ ಮುದುಕಿ ನೋಡುಗರಿಗೆಂದು ಇಟ್ಟಿದ್ದ ಬೆಂಚಿನ ಮೇಲೆ ಕುಳಿತು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಆ ಸೆರಗಿಗೆ ಬಡಿದು ವಾಪಸಾದವು.

ನಾಳೆ ಭಾನುವಾರ ಬೆಳಿಗ್ಗೆ ಪ್ರದರ್ಶನ ತೆರೆಯಬೇಕು. ಕಲಾ ಇತಿಹಾಸ ಮತ್ತು ಪ್ರದರ್ಶನ ಸಂಯೋಜನೆಯಲ್ಲಿ ಎಂ.ಎ. ಮಾಡುವವರು ಕೊನೆಯ ವರ್ಷ ಒಂದು ಪ್ರದರ್ಶನವನ್ನು ತಾವೇ ಕಟ್ಟಿ ನಿಲ್ಲಿಸಬೇಕು, ಅದೇ ಪರೀಕ್ಷೆ. ಗಡಿ ಹಳ್ಳಿಗಳ ದೇವರ ಮುಖಗಳನ್ನೆಲ್ಲ ಒಂದೆಡೆ ಕೂಡಿಸಿ ಶುಭಾಂಗಿ ತನ್ನ ಪ್ರದರ್ಶನಕ್ಕೆ 'ಮುಖಾಮುಖಿ' ಎಂದು ಹೆಸರಿಟ್ಟಿದ್ದಳು. ಈ ಬೀರಪ್ಪನೇ ಅದರ ಮುಖ್ಯ ಮುಖ. ಅವನಿಲ್ಲದಿದ್ದರೆ ಉಳಿಯುವುದು ಬರೀ 'ಮುಖಿ'.

ಅದಾದರೂ ಪರೀಕ್ಷೆಯ ಮಾತು, ಇನ್ನೊಂದು ವರ್ಷ ಬರೆಯಬಹುದು. ಮುಂದೂಡಲಾಗದ್ದು ಬೇರೆ ಇತ್ತು. ಸೋಮವಾರ ಅಂಜನಾಬಾಯಿಯ ಮೊಮ್ಮಗಳು ಪೂನಮಳ ಮದುವೆ. ಆ ಮನೆಯಲ್ಲಿ ಈ ಮುಖದ ಎದುರಿಗೆ ಕಂಕಣ ಕಟ್ಟದೆ ಯಾವ ಹುಡುಗಿಯೂ ಮದುವಣಗಿತ್ತಿಯಾಗಿಲ್ಲ. ಉಮರ್ಗಾದ ಕಾಲೇಜಿನಲ್ಲಿ ಶುಭಾಂಗಿಯೂ ಪೂನಮಳೂ ಒಂದೇ ಬೆಂಚಿನವರು. ಗೆಳತಿಗಾಗಿ ಅಜ್ಜಿಯನ್ನು ಕಾಡಿ ಬೇಡಿ ದೇವರನ್ನು ಕೊಡಿಸಿದವಳು ಪೂನಮಳೇ. ಭಾನುವಾರ ಸಂಜೆ ಒಯ್ದು ಮನೆಗೆ ಮುಟ್ಟಿಸುತ್ತೇನೆಂದು ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದವಳು ಶುಭಾಂಗಿ.

ಅವಳ ಅಪ್ಪ ದಿಗಂಬರ ಮೊದಲ ದಿನವೇ ಕೇಳಿದ್ದ, ಹಳೇ ಸಾಮಾನಿಗೆ ಚೀಟಿ ಹಚ್ಚಲಿಕ್ಕೂ ಎಂ.ಎ. ಬೇಕಾ ಎಂದು. ಈಗ ಸಾಮಾನೇ ಇಲ್ಲ ಎಂಬುದು ಅವನಿಗೆ ಗೊತ್ತಾದರೆ ಮುಂದಿನ ಹತ್ತು ದೀಪಾವಳಿಗೆ ಸಾಕಾಗುವಷ್ಟು ನಗು ಸಿಗುತ್ತಿತ್ತು.

ಉಮಾಕಾಂತ ಸರ್ ಅವಳ ಮಾರ್ಗದರ್ಶಕರು. ಮಾರ್ಗವನ್ನು ದೂರದಿಂದ ತೋರಿಸಿ ತಾವು ನೆರಳಲ್ಲಿ ನಿಲ್ಲುವ ಜಾತಿಯವರು. ಅವರು ಮೊದಲು ಬೆಳಕಿನ ತಪ್ಪೆಂದರು. ಆಮೇಲೆ ಕೋನದ ತಪ್ಪೆಂದರು. ಆಮೇಲೆ ಮೂಗಿನ ಮೇಲಿನ ಕನ್ನಡಕವನ್ನು ಹಣೆಗೇರಿಸಿ, ಜನಮಾನಸದ ನೆನಪೆಂಬುದು ಸ್ವತಃ ಒಂದು ಪ್ರದರ್ಶನ ವಸ್ತು ಎಂದು ಮರಾಠಿಯಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸಿದರು. ಮುಖ ಅಸಲಿಯೇ, ತಮಗೆ ಅನುಮಾನವಿಲ್ಲ ಎಂದರು. ಹಾಗಾದರೆ ಅಸಲಿ ಎಂದೇ ಲೇಬಲ್ ಅಚ್ಚು ಹಾಕಿಸೋಣವೇ ಎಂದು ಶುಭಾಂಗಿ ಕೇಳಿದಾಗ ಸರ್‌ಗೆ ಕೆಮ್ಮು ಬಂತು.

"ಅದ್ಹೆಂಗ ಬರ್ತದವಾ? ಕೊಟ್ಟಾಕೀನ ನಂದಲ್ಲ ಅಂತಾಳ. ನಾಳೆ ಪರೀಕ್ಷಕರ ಮುಂದ ಹಂಗೇ ಅಂದ್ರ?"

ಸಿಟ್ಟು ಇಲ್ಲವೇ ಹೆದರಿಕೆ ಬಂದಾಗ ಮಾತ್ರ ಅವರ ಬಾಯಲ್ಲಿ ತಾಯಿಯ ಕನ್ನಡ ಬರುತ್ತಿತ್ತು.

ನಕಲು ಎಂದು ಬರೆದರೆ, ಅಸಲಿ ಎಲ್ಲಿ ಹೋಯಿತೆಂದು ವಿಶ್ವವಿದ್ಯಾಲಯ ಕೇಳುತ್ತದೆ. ಬೀಗದ ಕೀಲಿ ಯಾರ ಕೊರಳಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಅಸಲಿ ಎಂದು ಬರೆದರೆ ದೇವರ ಒಡತಿಯೇ ಎದ್ದು ನಿಂತು ಸುಳ್ಳೆನ್ನುತ್ತಾಳೆ. ಇತ್ತ ದರಿ, ಅತ್ತ ಪುಲಿ, ನಡುವೆ ಸರ್. ಸಂಜೆಯೊಳಗೆ ಲೇಬಲ್ಲಿಗೆ ಒಂದು ಶಬ್ದ ಸಿಗಬೇಕು, ಇಲ್ಲದಿದ್ದರೆ ಪೆಟ್ಟಿಗೆಗೆ ಬಟ್ಟೆ ಮುಚ್ಚಬೇಕು ಎಂದು ಹೇಳಿ ಅವರು ಪರೀಕ್ಷಕರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೊರಟರು. ಹೋಗುವಾಗ ಪೆಟ್ಟಿಗೆಯ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದರು. ತಾವು ಬರುವ ತನಕ ತೆಗೆಯಕೂಡದು.

ಶುಭಾಂಗಿ ವಿಮೆಯವರಿಗೆ ಫೋನ್ ಮಾಡಿದಳು. ಆ ತುದಿಯ ಹೆಣ್ಣುದನಿ, ಕಳೆದದ್ದು ದೇವರೋ ವಸ್ತುವೋ ಎಂದು ಕೇಳಿತು. ಎರಡೂ ಎಂದಳು ಶುಭಾಂಗಿ. ಎರಡಕ್ಕೆ ಕಾಲಂ ಇಲ್ಲ ಎಂದಿತು ದನಿ. ವಸ್ತು ಎಂದಳು. ಹಾಗಾದರೆ ವಸ್ತು ಈಗ ಎಲ್ಲಿದೆ ಎಂದು ಪ್ರಶ್ನೆ. ಗಾಜಿನ ಪೆಟ್ಟಿಗೆಯಲ್ಲೇ ಇದೆ, ಆದರೆ ಅದು ಅದಲ್ಲ ಎಂದಳು. ಸ್ವಲ್ಪ ಹೊತ್ತು ಫೋನಿನಲ್ಲಿ ಕೊಳಲಿನ ಸಂಗೀತ ಕೇಳಿಸಿ, ಸಂಗೀತವೂ ಸತ್ತಿತು.

"ಅಂದರೆ, ವಸ್ತುವಿನ ಅನುಪಸ್ಥಿತಿಯೇ ಒಂದು ಉಪಸ್ಥಿತಿ," ಎಂದು ಬೆನ್ನ ಹಿಂದೆ ಉಮಾಕಾಂತ ಸರ್ ಗಂಟಲು ಸರಿಮಾಡಿಕೊಂಡರು.

ಶುಭಾಂಗಿ ಬೆಚ್ಚಿ ತಿರುಗಿದಳು. ಸರ್ ಅಲ್ಲ, ಧೀರಜ. ಇಲ್ಲದ ಕನ್ನಡಕವನ್ನು ಹಣೆಗೆ ಏರಿಸುತ್ತ ನಿಂತಿದ್ದ. ಅವಳ ತರಗತಿಯವನು; ಯಾರ ದನಿಯನ್ನು ಬೇಕಾದರೂ ಗಂಟಲಿನಿಂದ ತೆಗೆಯುತ್ತಿದ್ದ, ಪಾಠ ಮಾತ್ರ ಅಲ್ಲಿ ಇಳಿಯುತ್ತಿರಲಿಲ್ಲ. ಕೈ ಮಾತ್ರ ಬಂಗಾರ. ಕಣ್ಣಿಲ್ಲದವರು ಮುಟ್ಟಿ ನೋಡಲೆಂದು, ಹಿಂದಿನ ತಿಂಗಳೇ ತುರೋರಿಗೆ ಹೋಗಿ ಬೀರಪ್ಪನ ಮುಖಕ್ಕೆ ರಬ್ಬರಿನ ಅಚ್ಚು ತೆಗೆದು ಹಿತ್ತಾಳೆಯಲ್ಲೇ ಎರಕ ಹೊಯ್ದವನು ಅವನು. ಆ ನಕಲು ಶೆಡ್ಡಿನ ಬಾಗಿಲ ಬಳಿ, ಮುಟ್ಟಿ ನೋಡುವ ಮೇಜಿನ ಮೇಲೆ ಇತ್ತು.

ಇತ್ತೇ?

ಶುಭಾಂಗಿ ಓಡಿದಳು. ಇತ್ತು. ಅದೇ ಮೀಸೆ, ಅದೇ ಸವೆದ ಮೂಗು. ಅವಳಿಗೆ ಅಳು ಬರುವಂತಾಯಿತು. ಮೇಜು ಖಾಲಿಯಿದ್ದಿದ್ದರೆ ಲೆಕ್ಕ ಸುಲಭವಿತ್ತು: ನಕಲು ಪೆಟ್ಟಿಗೆಗೆ ಹೋಯಿತು, ಅಸಲಿ ಕಳ್ಳನ ಚೀಲಕ್ಕೆ.

"ನನ್ನ ಮ್ಯಾಲ ಸಂಶಯ ಬಂತಾ?" ಧೀರಜ ಕೇಳಿದ, ಈ ಸಲ ತನ್ನದೇ ದನಿಯಲ್ಲಿ.

ಬಂದಿತ್ತು. ಅವನನ್ನು ಬಿಟ್ಟು ಗಾಜಿನ ಪೆಟ್ಟಿಗೆಯ ಹಿಂಬದಿಗೆ ಹೋಗಿ, ನೆಲಕ್ಕೆ ಮಂಡಿಯೂರಿ, ಮೊಬೈಲಿನ ಟಾರ್ಚ್ ಹಾಕಿದಳು.

ಎರಡು ವರ್ಷ ಅವಳಿಗೆ ಕಲಿಸಿದ್ದು ಒಂದೇ ಪಾಠ: ನೋಡು. ಮುಂದಿನಿಂದ ನೋಡು, ಹಿಂದಿನಿಂದ ನೋಡು, ನೋಡಿದ್ದನ್ನು ಮತ್ತೆ ನೋಡು. ನಿನ್ನೆ ಮುಖವನ್ನು ಬಿಚ್ಚಿದಾಗ ಸರ್ ಕೈಗವಸಿನ ಇತಿಹಾಸ ಹೇಳುತ್ತಿದ್ದರು. ಅವಳು ಹೂಂಗುಡುತ್ತ ಬೀರಪ್ಪನ ಮೂಗು ಮೀಸೆ ನೋಡಿದ್ದಳೇ ಹೊರತು ಹಿಂಬದಿ ನೋಡಿರಲಿಲ್ಲ.

ಕಿವಿಯ ಹಿಂದೆ, ಪಲ್ಲಕ್ಕಿಗೆ ಬಿಗಿಯುವ ಕೊಂಡಿಯಲ್ಲಿ ಒಂದು ದಾರವಿತ್ತು.

ದಾರ ಇರಬೇಕಾದದ್ದೇ. ವಸ್ತಿಯಿಂದ ದೇವರು ಹೊರಡುವಾಗ ಅಂಜನಾಬಾಯಿ ಅವಳ ಎದುರಿಗೇ ಕರಿ ಕುರಿಯ ಉಣ್ಣೆಯನ್ನು ತೊಡೆಯ ಮೇಲೆ ಹೊಸೆದು ಆ ಕೊಂಡಿಗೆ ಕಟ್ಟಿದ್ದಳು. ಬೀರಪ್ಪನ ಒಕ್ಕಲಿನಲ್ಲಿ ಕೆಲವು ಮನೆಗಳದು ಉಣ್ಣೆ ಕಂಕಣ, ಕೆಲವು ಮನೆಗಳದು ಹತ್ತಿ ಕಂಕಣ. ಮದುವೆಗೂ ಅದೇ, ದೇವರಿಗೂ ಅದೇ. ಪೂನಮಳ ಮನೆತನ ಉಣ್ಣೆಯದು.

ಕೊಂಡಿಯಲ್ಲಿದ್ದದ್ದು ಹತ್ತಿ.

ಶುಭಾಂಗಿಗೆ ಮಧ್ಯಾಹ್ನದಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಗಿರಣಿಯ ಶೆಡ್ಡಿನಲ್ಲಿ ಹತ್ತಿ ಸಿಗುವುದೇನು ದೊಡ್ಡ ಮಾತೆಂದು ಧೀರಜ ಹೇಳಿದ. ಆದರೆ ಇದು ಮೂಲೆಯಲ್ಲಿ ಬಿದ್ದ ಅರಳೆಯಲ್ಲ. ಅರಿಶಿನದಲ್ಲಿ ಅದ್ದಿ, ಹುರಿ ಮಾಡಿ, ಗಂಟು ಹಾಕಿದ ಕಂಕಣ. ಹಿತ್ತಾಳೆಯ ಆಸೆಗೆ ಕದಿಯುವವನು ಕಂಕಣ ಕಟ್ಟುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಇದು ಬೀರಪ್ಪನ ಒಕ್ಕಲಿನವರದೇ ಕೈ, ಅದೂ ಹತ್ತಿ ಕಂಕಣದ ಮನೆಯವರದು.

ಹತ್ತಿ ಕಂಕಣದ ಮನೆಯವನೊಬ್ಬ ಅವಳಿಗೆ ಚೆನ್ನಾಗಿ ಗೊತ್ತಿದ್ದ. ನಿಲಂಗಾದ ಧನರಾಜ. ಪೂನಮಳನ್ನು ಸೋಮವಾರ ಮದುವೆಯಾಗುವವನು. ಉಣ್ಣೆಯೋ ಹತ್ತಿಯೋ ಎಂದು ಎರಡು ಮನೆಯ ಹಿರಿಯರು ಜಗಳಾಡಿ, ಕೊನೆಗೆ ಎರಡೂ ಕಟ್ಟೋಣ ಎಂದು ಒಪ್ಪಿಕೊಂಡಿದ್ದರು. ಹೆಣ್ಣಿನ ಮನೆಯ ದೇವರೆಂದರೆ ನನ್ನ ದೇವರೇ ಎಂದು ಹೇಳಿ, ಬಾಡಿಗೆಯನ್ನೂ ಮುಟ್ಟದೆ, ನಿನ್ನೆ ದೇವರನ್ನಿಟ್ಟ ಮರದ ಪೆಟ್ಟಿಗೆಯನ್ನು ತನ್ನ ಪಿಕಪ್ಪಿನಲ್ಲಿ ತಂದು ಇಳಿಸಿದವನೂ ಅವನೇ.

ಫೋನಿನಲ್ಲಿ ಧನರಾಜನ ಮಾತು ಸಕ್ಕರೆ ಪಾಕದ ಹಾಗೆ ಎಳೆ ಎಳೆಯಾಗಿ ಬಂತು. ಅಕ್ಕಾರೇ ಅಂದ, ಊಟ ಆಯ್ತಾ ಅಂದ, ಹಂದರದ ಕೆಲಸಕ್ಕೆ ತುರೋರಿಗೆ ಬಂದೀನಿ ಅಂದ. ದಾರಿಯಲ್ಲಿ ನಿಲಂಗಾದಲ್ಲಿ ತಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದ್ದು ನಿಜ, ಮನೆಯವರು ಪೆಟ್ಟಿಗೆಯ ಮುಂದೆ ಕಾಯಿ ಒಡೆದದ್ದೂ ನಿಜ, ತಾನು ಒಳಗೆ ಹೋಗಿ ಚಹಾ ಕುಡಿದದ್ದೂ ನಿಜ. ಪೆಟ್ಟಿಗೆ ಮಾತ್ರ ತೆಗೆದಿಲ್ಲ ಎಂದ. ಏನಾದರೂ ಹೆಚ್ಚುಕಡಿಮೆ ಆಯಿತೇ ಎಂದು ಕೇಳಿದ. ಈ ದೇವರು ನಮ್ಮವನಲ್ಲ ಎನ್ನುತ್ತಾಳೆ ಆಯಿ ಎಂದು ಅವಳು ಹೇಳಿದಾಗ, ಮದುವೆಗೆ ಅಡ್ಡಿಯಿಲ್ಲವಲ್ಲ ಎಂದು ಎರಡು ಸಲ ಕೇಳಿದ.

"ಮತ್ತ ದೇವರ ಕಿವಿ ಹಿಂದ ಹತ್ತಿ ಕಂಕಣ ಯಾರು ಕಟ್ಯಾರ?"

ಪಾಕ ಗಟ್ಟಿಯಾಯಿತು.

"ಎಂಥಾ ಕಂಕಣ?"

ಶುಭಾಂಗಿ ಟಾರ್ಚಿನ ಬೆಳಕಿನಲ್ಲಿ ಕಂಡಷ್ಟು ಹೇಳಿದಳು. ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಎಣ್ಣೆ ಜಿಡ್ಡು ಹಿಡಿದಿದೆ. ಅಲ್ಲಲ್ಲಿ ಅರಗಿನ ಬಳೆಯ ಕೆಂಪು ಬಣ್ಣ ಅಂಟಿದೆ.

ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಕಳ್ಳ ಸಿಕ್ಕ ಎಂದು ಧೀರಜ ಅಂಗೈ ಉಜ್ಜಿದ. ಶುಭಾಂಗಿಗೂ ಹಾಗೇ ಅನಿಸಿತು, ಬೆಂಚಿನ ಕಡೆ ತಿರುಗುವ ತನಕ. ಅವಳು ಅಂಜನಾಬಾಯಿಯ ಬಳಿ ಕುಳಿತು ದಾರದ ಸುದ್ದಿ ಹೇಳಿದಳು, ಗೆದ್ದವಳ ಉತ್ಸಾಹದಲ್ಲೇ ಹೇಳಿದಳು. ಮುದುಕಿಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ದಾರ ಯಾವುದೆಂದು ಕೇಳಲಿಲ್ಲ, ಎದ್ದು ನೋಡಲೂ ಇಲ್ಲ. ನೀರು ಕೊಡೆಂದಳು, ಅಷ್ಟೇ.

ಅಲ್ಲಿಗೆ ಶುಭಾಂಗಿಯ ಉತ್ಸಾಹಕ್ಕೆ ಹುಳಿ ಬಿತ್ತು.

ಈ ದೇವರು ನಮ್ಮವನಲ್ಲ ಎಂದು ಸಾಧಿಸಲು ಹೊರಟವಳಿಗೆ ಆ ಹತ್ತಿಯ ದಾರಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಾ ಕಟ್ಟಿದ್ದು ಉಣ್ಣೆ, ಇಲ್ಲಿರುವುದು ಹತ್ತಿ ಎಂದರೆ ಸರ್ ಕೂಡ ಬಾಯಿ ಮುಚ್ಚುತ್ತಿದ್ದರು. ಮುದುಕಿ ಗಾಜಿನ ಮುಂದೆ ನಿಂತಾಗ ಅವಳ ಕಣ್ಣು ಸರಿದದ್ದು ಕಿವಿಯ ಕಡೆಗೇ. ದಾರ ಎಲ್ಲರಿಗಿಂತ ಮೊದಲು ಕಂಡದ್ದು ಅವಳಿಗೆ. ಕಂಡೂ ಆಡಲಿಲ್ಲ.

ಶುಭಾಂಗಿ ಕೊರಳಿನಿಂದ ಕೀಲಿ ತೆಗೆದಳು. ಉಮಾಕಾಂತ ಸರ್ ಸಹಿ ಹಾಕಿದ ಕಾಗದದ ಪಟ್ಟಿ ಒಂದೇ ಎಳೆತಕ್ಕೆ ಹರಿಯಿತು. ಎರಡು ವರ್ಷದಲ್ಲಿ ಸರ್ ಮಾತನ್ನು ಅವಳು ಅಷ್ಟು ಸರಾಗವಾಗಿ ದಾಟಿದ್ದು ಅದೇ ಮೊದಲು.

ಬೀರಪ್ಪನ ಮುಖ ಕೂತಿದ್ದದ್ದು ತೇಗದ ಒಂದು ತೊಟ್ಟಿಲಿನಲ್ಲಿ. ಮುಖದ ಅಂಚು ಹೊಕ್ಕು ಕೂರುವಂತೆ ಒಳಗೆ ತೋಡು ಕೊರೆದ ಮರದ ಪೀಠ. ತುರೋರಿಯಲ್ಲೇ ಅಸಲಿ ಮುಖದ ಅಳತೆ ತೆಗೆದು ಮಾಡಿಸಿದ್ದು. ಅವಳು ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು. ಅದು ಸುಲಭಕ್ಕೆ ಬರಲಿಲ್ಲ. ಅಲ್ಲಾಡಿಸಿ, ಬೇಡಿಕೊಂಡು, ಎತ್ತಬೇಕಾಯಿತು.

"ಧೀರಜ, ನಿಂದು ಕೊಡು."

ಅವನು ಬಾಗಿಲ ಬಳಿಯ ನಕಲನ್ನು ತಂದುಕೊಟ್ಟ. ಅವಳು ಅದನ್ನು ಅದೇ ತೋಡಿನಲ್ಲಿ ಕೂರಿಸಿ ಬೆರಳಿನ ತುದಿಯಿಂದ ಮುಟ್ಟಿದಳು. ಮುಖ ಅಲುಗಾಡಿತು, ಸಡಿಲು ಹಲ್ಲಿನಂತೆ ಟಕಟಕ ಎಂದಿತು.

ಮೊದಲ ವರ್ಷದ ಪಾಠ. ಎರಕದ ಹಿತ್ತಾಳೆ ತಣ್ಣಗಾಗುತ್ತ ಕುಗ್ಗುತ್ತದೆ. ಅಸಲಿಯಿಂದ ಅಚ್ಚು ತೆಗೆದು ಹೊಯ್ದ ನಕಲು ಮೂಗು ಮೀಸೆ ಸವಕಲು ಎಲ್ಲದರಲ್ಲೂ ಅಪ್ಪನನ್ನೇ ಹೋಲಿದರೂ ಅಳತೆಯಲ್ಲಿ ಕೂದಲೆಳೆ ಕಡಿಮೆ. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ಅವಳಿಗೆ ಪೂರ್ತಿ ಅಂಕ ಬಂದಿದ್ದವು. ಬುದ್ಧಿ ಮಾತ್ರ ಈಗ ಬಂತು.

ಗಾಜಿನೊಳಗಿದ್ದವನು ಅಸಲಿ. ಉಮಾಕಾಂತ ಸರ್ ಹೇಳಿದ್ದು ಸರಿಯಿತ್ತು, ಮತ್ತು ಅದಕ್ಕಿಂತ ಕಹಿಯಾದ ಸಂಗತಿ ಆ ದಿನ ಇನ್ನೊಂದಿರಲಿಲ್ಲ. ದೇವರು ಕಳುವಾಗಿರಲೇ ಇಲ್ಲ. ಮಧ್ಯಾಹ್ನದಿಂದ ಅವಳು ಓಡಿದ್ದು, ಬೇಡಿದ್ದು, ಗೆಳೆಯನನ್ನು ಅನುಮಾನಿಸಿದ್ದು, ವಿಮೆಯವಳ ಕೊಳಲು ಕೇಳಿದ್ದು, ಎಲ್ಲ ಒಬ್ಬ ಮುದುಕಿಯ ಒಂದು ಸುಳ್ಳಿಗಾಗಿ.

ಅವಳು ಮುಖವನ್ನು ಬರಿಗೈಯಲ್ಲೇ ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ, ಅಂಜನಾಬಾಯಿಯ ಮಗ್ಗುಲಿಗೆ ಇಟ್ಟಳು.

"ಆಯಿ, ಇಂವಾ ನಿಮ್ಮಾಂವನ."

"ಬೀಗ ತೆಗದಿ? ನಿಮ್ಮ ಸರ್ ಬೈಯೂದಿಲ್ಲಾ?"

"ಬೈಲಿ. ನೀವು ದಾರ ನೋಡಿದ್ರಿ. ನೋಡೇ ಸುಳ್ಳು ಹೇಳಿದ್ರಿ. ಯಾಕ?"

ಅಂಜನಾಬಾಯಿ ದೇವರ ಹಣೆಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವವರ ಹಾಗೆ.

"ನಿನ್ನ ಕಣ್ಣ ಛಲೋ ಅವ," ಎಂದಳು. "ಆ ಗಂಟ ನೋಡು."

ಶುಭಾಂಗಿ ಬಾಗಿದಳು. ದಾರಕ್ಕೆ ಎರಡು ಗಂಟುಗಳಿದ್ದವು. ಒಂದು ಹಳೆಯದು, ಎಣ್ಣೆ ಕುಡಿದು ಕಲ್ಲಾದದ್ದು. ಅದರ ಎದುರು ಬದಿಗೆ ಇನ್ನೊಂದು, ನಿನ್ನೆ ಮೊನ್ನೆ ಹಾಕಿದಂಥ ಸಡಿಲು ಗಂಟು. ಹೊಸ ಗಂಟಿನಿಂದ ಹೊರಬಂದ ಎರಡೂ ತುದಿಗಳು ನೇರವಾಗಿ, ಒಂದೇ ಏಟಿಗೆ ಕತ್ತರಿಸಿದಂತಿದ್ದವು. ಯಾರದೋ ಮುಂಗೈಯ ಸುತ್ತ ಬಿಗಿದಿದ್ದ ಕಂಕಣವನ್ನು ಗಂಟು ಬಿಚ್ಚದೆ ನಡುವೆ ಕತ್ತರಿಸಿ ತೆಗೆದಿದ್ದರು. ಆಮೇಲೆ ಯಾರೋ ಆ ತುದಿಗಳನ್ನು ಕೂಡಿಸಿ ದೇವರಿಗೆ ಕಟ್ಟಿದ್ದರು.

"ಹತ್ತಿ ಬಂತಂತ ನನಗ ಸಿಟ್ಟಿಲ್ಲವ್ವ. ಆ ಮನಿಗಿ ಪೋರಿ ಕೊಡಲಾಕ ಒಪ್ಪಿದ ದಿವಸನ ಹತ್ತಿ ಒಪ್ಪೀನಿ. ಆದ್ರ ಇದು ಒಬ್ಬಾಕಿ ಕೈಯಾಗ ಇದ್ದದ್ದು."

ಮದುವೆಯಾದ ಮೇಲೆ ಹೆಂಡತಿಯ ಕಂಕಣವನ್ನು ಗಂಡನೇ ಬಿಚ್ಚಬೇಕು, ಅದೂ ಒಂದೇ ಕೈಯಲ್ಲಿ, ಸುತ್ತ ನಿಂತವರು ನಗುತ್ತಿರಬೇಕು. ಬಿಚ್ಚಿದ್ದನ್ನು ಒಯ್ದು ದೇವರಿಗೆ ಕಟ್ಟಬೇಕು. ಉಣ್ಣೆಯ ಮನೆಯಲ್ಲೂ ಹಾಗೇ, ಹತ್ತಿಯ ಮನೆಯಲ್ಲೂ ಹಾಗೇ. ಎಷ್ಟೇ ಬಿಗಿ ಇರಲಿ, ಹಲ್ಲು ಹಚ್ಚಿಯಾದರೂ ಬಿಚ್ಚುತ್ತಾರೆ. ಕತ್ತರಿ ಹಚ್ಚುವಂತಿಲ್ಲ. ಇದನ್ನೆಲ್ಲ ಅಂಜನಾಬಾಯಿ ಅಡುಗೆ ಹೇಳಿಕೊಡುವವಳ ಹಾಗೆ ಸಾವಕಾಶ ಹೇಳಿದಳು.

"ಹಚ್ಚಿದ್ರ?"

"ಜೀವ ಇದ್ದಾಕಿಗಿ ಹಚ್ಚಂಗಿಲ್ಲ."

ಶೆಡ್ಡಿನ ತಗಡಿನ ಮೇಲೆ ಪಾರಿವಾಳಗಳು ಓಡಾಡುತ್ತಿದ್ದವು. ಧೀರಜ ನಕಲು ಮುಖವನ್ನು ಪೀಠದಿಂದ ತೆಗೆದು ಎದೆಗವಚಿಕೊಂಡಿದ್ದ.

ಉಳಿದದ್ದನ್ನು ಮುದುಕಿ ತುಂಡು ತುಂಡಾಗಿ ಹೇಳಿದಳು. ಔರಾದ ಶಹಾಜನಿ ಕಡೆಯ ಒಬ್ಬ ಹುಡುಗಿಯ ಹೆಸರು ಧನರಾಜನ ಜೊತೆ ಹಿಂದೆ ಒಮ್ಮೆ ಸಂತೆಯಲ್ಲಿ ಕಿವಿಗೆ ಬಿದ್ದಿತ್ತು. ಸಂಬಂಧ ಬಂದಾಗ ಕೇಳಿಯೂ ಕೇಳಿದ್ದಳು. ಬರೀ ಮಾತುಕತೆಯಾಗಿತ್ತು, ಹುಡುಗಿ ಯಾರ ಸಂಗಡವೋ ಹೋದಳು ಎಂದು ನಿಲಂಗಾದವರು ನಕ್ಕಿದ್ದರು. ಮಾತುಕತೆಯಲ್ಲೇ ಮುರಿದ ಸಂಬಂಧಕ್ಕೆ ಯಾರೂ ಕಂಕಣ ಕಟ್ಟುವುದಿಲ್ಲ. ನಿನ್ನೆ ನಿಲಂಗಾದಲ್ಲಿ ಗಾಡಿ ನಿಂತಾಗ ಆ ಮನೆಯೊಳಗಿನ ಯಾರೋ ಪೆಟ್ಟಿಗೆ ತೆಗೆದು, ಉಣ್ಣೆ ಬಿಚ್ಚಿ, ಇದನ್ನು ಕಟ್ಟಿದ್ದಾರೆ. ದೇವರಿಗಾಗಿ ಅಲ್ಲ, ಓದಬಲ್ಲವಳಿಗಾಗಿ.

"ಹಂಗಿದ್ರ ಮದುವಿ ಬ್ಯಾಡ ಅಂತ ನೀವೇ ಹೇಳ್ರಿ."

"ಹೆಣ್ಣಿನ ಕಡಿಯವರು ಹಂದರದಾಗ ಬ್ಯಾಡಂದ್ರ ಪೋರೀದೇ ಏನೋ ಅದ ಅಂತಾರ. ದೇವರೇ ಇಲ್ಲಂದ್ರ ಯಾರ ತಪ್ಪೂ ಇಲ್ಲ. ಮದುವಿ ತಾನೇ ನಿಲ್ತದ."

"ಯಾರ ತಪ್ಪೂ ಇಲ್ಲಾ? ಮತ್ತ ನಾ?"

"ನೀ ಕಲತಾಕಿ," ಎಂದಳು ಅಂಜನಾಬಾಯಿ. "ತಡಕೋತಿ."

ಶುಭಾಂಗಿ ನಕ್ಕಳು. ನಗು ಎಂದು ಹೊರಟದ್ದು ಬಾಯಿಗೆ ಬರುವಷ್ಟರಲ್ಲಿ ಬೇರೆ ಏನೋ ಆಗಿತ್ತು. ಸರ್ ತಮ್ಮ ಹೆದರಿಕೆಯನ್ನು, ಪೂನಮ ತನ್ನ ನಂಬಿಕೆಯನ್ನು, ಈ ಮುದುಕಿ ತನ್ನ ಸುಳ್ಳನ್ನು, ಎಲ್ಲರೂ ತಮ್ಮ ತಮ್ಮದನ್ನು ತಂದು ಅವಳ ಮೇಲೆ ಇಡುತ್ತಿದ್ದರು, ಅವಳೇನೋ ಒಂದು ಪೀಠ ಎಂಬಂತೆ. ಹಾಗೆಂದು ಹೇಳಿಯೂ ಬಿಟ್ಟಳು. ಅಂಜನಾಬಾಯಿ ಬೆಂಚಿನ ತುದಿಯಲ್ಲಿ ಬಿದ್ದಿದ್ದ ಖಾಲಿ ಲೇಬಲ್ಲನ್ನು ಎತ್ತಿ, ಅವಳ ಕೈಗಿಟ್ಟಳು.

"ನಕಲಿ ಅಂತ ಬರಿ. ನೀ ಬರದ್ರ ಎಲ್ಲಾರೂ ನಂಬ್ತಾರ. ಮದುವಿ ನಿಂತ ಮ್ಯಾಲ ನಾನೇ ಬಂದು ಖರೇ ಹೇಳ್ತೀನಿ."

"ಪೂನಮಗ ಮೊದಲ ಹೇಳ್ರಿ. ಆಕೀದು ಮದುವಿ."

"ಹೇಳಿದ್ರ ನಂಬ್ತಾಳಾ? ಅಂವನ ಫೋನ್ ಬಂದ್ರ ಊಟ ಬಿಟ್ಟು ಏಳ್ತಾಳ."

ಲೇಬಲ್ಲಿನಲ್ಲಿ ಎಲ್ಲ ಇತ್ತು. ಬೀರಪ್ಪನ ಮುಖ, ಹಿತ್ತಾಳೆ, ತುರೋರಿ, ತಾಲೂಕು ಉಮರ್ಗಾ. ಕೆಳಗೆ ಒಂದು ಶಬ್ದದಷ್ಟು ಜಾಗ. ಶುಭಾಂಗಿ ಪೆನ್ನಿನ ಮುಚ್ಚಳ ತೆಗೆದಳು. ಎರಡು ವರ್ಷ ಕಲಿತದ್ದರಲ್ಲಿ ಅವಳು ನಿಜವಾಗಿ ನಂಬಿದ್ದ ಮಾತು ಒಂದೇ, ಲೇಬಲ್ ಸುಳ್ಳು ಹೇಳಬಾರದು. ಆ ಒಂದು ಸುಳ್ಳಿಗೆ ಈಗ ಗೆಳತಿಯ ಜೀವದ ಬೆಲೆ ಇತ್ತು.

ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಪೂನಮಳ ಹೆಸರು.

ಶುಭಾಂಗಿ ಸ್ಪೀಕರ್ ಹಾಕಿದಳು. ಹಿಂದೆ ಡೊಳ್ಳು ಬಡಿಯುತ್ತಿದ್ದರು. ಹೆಂಗಸರು ಜೋರಾಗಿ ಏನೋ ಮಾತಾಡುತ್ತಿದ್ದರು.

"ಶುಭಿ, ಆಯಿ ನಿನ್ನ ಕಡೀನ ಅದಾಳಲ್ಲ? ಹೇಳು ಆಕಿಗಿ, ದೇವರು ಸಿಕ್ಕಾನ. ಅವರೇ ತಂದಾರ."

ಅಂಜನಾಬಾಯಿಯ ಕೈ ಬೀರಪ್ಪನ ಹಣೆಯ ಮೇಲಿಂದ ಜಾರಿತು.

"ಯಾರು ತಂದಾರ? ಎಲ್ಲಿ ಸಿಕ್ಕಾನ?"

"ಧನರಾಜ ಅವರು. ಸೋಮವಾರ ತನಕ ತಡೀಬ್ಯಾಡ್ರಿ, ಮತ್ತೇನರೆ ಅಡ್ಡ ಬರ್ತದ, ಕಂಕಣ ಈಗೇ ಕಟ್ಟಿಬಿಡೂಣ ಅಂತಾರ. ಭಂಡಾರ ಹಚ್ಚಿ ಕುಂದರ್ಸ್ಯಾರ ದೇವರಿಗಿ. ನನಗ ಕರೀಲಾಕತ್ಯಾರ, ಇಡ್ಲಾ?"

"ಪೂನಮ, ತಡಿ. ಕೈ ಕೊಡಬ್ಯಾಡ. ಕೇಳು ನಾ ಹೇಳೂದು."

ಫೋನು ಕೈ ಬದಲಾದ ಸದ್ದು. ಆಮೇಲೆ ಸಕ್ಕರೆ ಪಾಕ, ಎಳೆ ಎಳೆಯಾಗಿ.

"ಅಕ್ಕಾರೇ, ನಿಮ್ಮ ಪ್ರದರ್ಶನ ನೀವು ನಡಸ್ರಿ. ನಮ್ಮ ಮದುವಿ ನಾವು ನಡಸ್ತೇವು."

ಡೊಳ್ಳು ನಿಂತಿತು. ಅಂದರೆ ಫೋನ್ ನಿಂತಿತು. ಡೊಳ್ಳು ಅಲ್ಲಿ ಬಡಿಯುತ್ತಲೇ ಇರಬೇಕು.

ಶುಭಾಂಗಿ ಬೆಂಚಿನ ಮೇಲಿದ್ದ ಮುಖ ನೋಡಿದಳು. ಧೀರಜನ ಎದೆಯಲ್ಲಿದ್ದ ಮುಖ ನೋಡಿದಳು. ಅಸಲಿ ಇಲ್ಲಿದೆ, ನಕಲು ಇಲ್ಲಿದೆ. ತುರೋರಿಯಲ್ಲಿ ಭಂಡಾರ ಹಚ್ಚಿಸಿಕೊಂಡು ಕುಳಿತವನು ಯಾರು?

"ಧೀರಜ, ಎಷ್ಟು ಎರಕ ಹೊಯ್ದಿ?"

ಧೀರಜ ನಕಲನ್ನು ಬೆಂಚಿನ ಮೇಲೆ ಇಟ್ಟ.

"ಖರೇ ಹೇಳು. ಆಕಿ ಕೈಗಿ ಈಗ ಕಂಕಣ ಕಟ್ಟಲಾಕತ್ಯಾರ."

"ಎರಡು," ಎಂದ.

"ಎರಡನೇದು ಧನರಾಜಗ ಕೊಟ್ಟಿ? ರೊಕ್ಕಕ್ಕ?"

ಅವನು ಅಲ್ಲವೆಂದು ತಲೆಯಲ್ಲಾಡಿಸಿದ. ಅಂಜನಾಬಾಯಿಯ ಕಡೆ ನೋಡಲಾರದೆ, ನೆಲ ನೋಡುತ್ತ ಹೇಳಿದ.

"ಪೂನಮಗ. ಆಕೀನ ಬಂದು ಕೇಳಿ ಇಸಗೊಂಡು ಹೋದ್ಳು. ಶುಭಿಗಿ ಹೇಳಬ್ಯಾಡ ಅಂದ್ಳು."

ಅಂದರೆ ತುರೋರಿಯಲ್ಲಿ ಕುಳಿತವನು ನಕಲೆಂದು ಗೊತ್ತಿದ್ದೇ ಪೂನಮ 'ದೇವರು ಸಿಕ್ಕಾನ' ಎಂದಿದ್ದಳು.